ಕೂದಲೆಳೆಯಲ್ಲಿ ಒಂಬತ್ತು ಸಲ

ಲಿಂಕನ್, ನೆಬ್ರಾಸ್ಕ
28 ನವೆಂಬರ್ 2021

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನಕ್ಕೆಯಲ್ಲ, "ಮೂರು ಗೆದ್ದು ಒಂಬತ್ತು ಸೋತ ಟೀಮ್ ನೋಡೋಕೆ ದುಡ್ಡು ಕೊಟ್ಟು ಚಳಿಯಲ್ಲಿ ಹೋಗಿ ಕೂತಿದ್ಯಾ?" ಅಂತ, ಆಗ ಉತ್ತರ ಹೊಳೆಯಲಿಲ್ಲ. ಇವತ್ತು ಭಾನುವಾರ. ಬಟ್ಟೆ ಮಷಿನ್‌ಗೆ ಹಾಕಿ ಬರೆಯಲು ಕೂತಿದ್ದೇನೆ.

ಮೊದಲು ಹೆಸರಿನ ವಿಷಯ. ನೆಬ್ರಾಸ್ಕ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೆಸರು ಕಾರ್ನ್‌ಹಸ್ಕರ್ಸ್, ಅಂದರೆ ಮೆಕ್ಕೆಜೋಳದ ತೆನೆ ಸುಲಿಯುವವರು. ರಜೆಯಲ್ಲೆಲ್ಲ ಅದೇ ಕೆಲಸ ಮಾಡಿ ಬೆಳೆದ ದಾವಣಗೆರೆ ಕಡೆಯವನಿಗೆ ಬೇರೆ ಯಾವ ಟೀಮ್ ಹಿಡಿಸೀತು ಹೇಳು? ಆಡುವವರು ಯೂನಿವರ್ಸಿಟಿ ಹುಡುಗರೇ. ಆದರೆ ಈ ರಾಜ್ಯಕ್ಕೆ ಎನ್‌ಎಫ್‌ಎಲ್ (ವೃತ್ತಿಪರರ ಲೀಗ್) ಟೀಮ್ ಇಲ್ಲ, ಹಾಗಾಗಿ ಎಲ್ಲರ ಜೀವವೂ ಈ ಹುಡುಗರ ಮೇಲೆ. ಸ್ಟೇಡಿಯಂ ತುಂಬಿದರೆ ಅದೇ ರಾಜ್ಯದ ಮೂರನೇ ದೊಡ್ಡ ಊರು ಅನ್ನುತ್ತಾರೆ. ಕೋಚ್ ಸ್ಕಾಟ್ ಫ್ರಾಸ್ಟ್ ಇಲ್ಲಿಯದೇ ಪುಟ್ಟ ಊರು ವುಡ್ ರಿವರ್‌ನವನು. 1997ರಲ್ಲಿ ಟೀಮ್ ಚಾಂಪಿಯನ್ ಆದಾಗ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ಅವನೇ. ಮನೆಮಗ ವಾಪಸ್ ಬಂದ, ಇನ್ನು ಒಳ್ಳೆಯ ಕಾಲ ಅಂತ 2018ರಲ್ಲಿ ಎಲ್ಲರೂ ಕುಣಿದಿದ್ದರಂತೆ. ನಾಲ್ಕು ವರ್ಷದ ಲೆಕ್ಕ ಈಗ 15 ಗೆಲುವು, 29 ಸೋಲು.

ಆದರೆ ಈ ಸಲದ ಸೋಲು ಬೇರೆ ಥರದ್ದು ಕಣೋ. ಒಂಬತ್ತರಲ್ಲಿ ಒಂದನ್ನೂ ಹತ್ತು ಪಾಯಿಂಟಿನಿಂದ ಸೋತಿಲ್ಲ. ಒಕ್ಲಹೋಮ ಹತ್ತಿರ 23-16, ಮಿಶಿಗನ್ ಹತ್ತಿರ 32-29. ಒಹಾಯೋ ಸ್ಟೇಟ್ ಅಂಥ ಆನೆಯ ಎದುರೂ 26-17, ಒಂಬತ್ತೇ ಪಾಯಿಂಟು. ಅದೇ ಎಲ್ಲಕ್ಕಿಂತ ದೊಡ್ಡ ಸೋಲು! ಹನ್ನೆರಡೂ ಆಟ ಕೂಡಿಸಿ ನೋಡು: ನಮ್ಮವರು ಹೊಡೆದದ್ದು 335, ಬಿಟ್ಟುಕೊಟ್ಟದ್ದು 272. 63 ಜಾಸ್ತಿ ಹೊಡೆದೂ 3-9. ಅಂಗಡಿ ಲೆಕ್ಕದಲ್ಲಿ ಲಾಭ, ಗಲ್ಲಾ ಮಾತ್ರ ಖಾಲಿ. (ಆ 63ರಲ್ಲಿ ನಾರ್ತ್‌ವೆಸ್ಟರ್ನ್ ಮೇಲಿನ 56-7, ಫೋರ್ಡಮ್ ಮೇಲಿನ 52-7 ಸೇರಿವೆ ಅನ್ನೋದನ್ನು ಇಲ್ಲಿ ಯಾರೂ ಜೋರಾಗಿ ಹೇಳಲ್ಲ.)

ಅಕ್ಟೋಬರ್‌ವರೆಗೂ ನಾನೂ "ಪಾಪ, ಅದೃಷ್ಟ ಇಲ್ಲ" ಅಂತಲೇ ಇದ್ದೆ. ಆಮೇಲೆ ಸೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಇಲಿನಾಯ್ ಎದುರು ಮೊದಲ ಆಟದಲ್ಲೇ ನಮ್ಮ ಗೋಲ್ ಗೆರೆ ಹತ್ತಿರ ಬಿದ್ದ ಪಂಟನ್ನು (ದಾಳಿ ಸಾಗದಿದ್ದಾಗ ಚೆಂಡನ್ನು ಎದುರಾಳಿ ಕಡೆಗೆ ದೂರ ಒದೆಯುವುದು) ಸುಮ್ನೆ ಬಿಡುವ ಬದಲು ಹಿಡಿಯಲು ಹೋಗಿ ಎರಡು ಪಾಯಿಂಟ್ ದಾನ. ಒಕ್ಲಹೋಮ ಆಟದಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ನಂತರದ ಒಂದು ಪಾಯಿಂಟಿನ ಕಿಕ್‌ಗೆ ಅವರು ಅಡ್ಡಬಿದ್ದು, ಆ ಚೆಂಡನ್ನೇ ಹೊತ್ತು ಓಡಿ ಎರಡು ಪಾಯಿಂಟ್ ತೆಗೆದುಕೊಂಡರು. ಮಿಶಿಗನ್ ಸ್ಟೇಟ್ ಎದುರು ನಾವು ಏಳು ಪಾಯಿಂಟ್ ಮುಂದಿದ್ದೆವು, ಆಟ ಮುಗಿಯುತ್ತಾ ಬಂದಿತ್ತು. ಪಂಟ್ ಹೋಗಬೇಕಾದದ್ದು ಒಂದು ಕಡೆ, ಹುಡುಗ ಒದ್ದದ್ದು ಇನ್ನೊಂದು ಕಡೆ. ನಮ್ಮವರೆಲ್ಲ ಬಲಕ್ಕೆ ಓಡಿದರೆ ಚೆಂಡು ಎಡಕ್ಕೆ ಅನ್ನೋ ಥರ. ಅವರವನು 62 ಗಜ ಓಡಿ ಸಮ ಮಾಡಿದ, ಓವರ್‌ಟೈಮಿನಲ್ಲಿ 23-20. ಒಂದು ಸಲ ಆದರೆ ಅದೃಷ್ಟ. ಕಿಕ್ಕಿನ ಕೆಲಸವೇ ಮತ್ತೆ ಮತ್ತೆ ಕೆಟ್ಟರೆ ಯಾರೂ ಅದನ್ನು ಸರಿಯಾಗಿ ಕಲಿಸಿಲ್ಲ ಅಂತ ಅರ್ಥ, ಅಲ್ವಾ?

ನವೆಂಬರ್ 8ಕ್ಕೆ ಯೂನಿವರ್ಸಿಟಿ ಫ್ರಾಸ್ಟ್‌ನ ಸಂಬಳ 50 ಲಕ್ಷ ಡಾಲರಿನಿಂದ 40 ಲಕ್ಷಕ್ಕೆ ಇಳಿಸಿ, ಕೆಲಸ ಉಳಿಸಿತು. ದಾಳಿ ನೋಡಿಕೊಳ್ಳುವ ನಾಲ್ಕು ಸಹಾಯಕ ಕೋಚ್‌ಗಳನ್ನು ಮನೆಗೆ ಕಳಿಸಿದರು. ಮೂಗು ಸೋರಿದರೆ ಕಿವಿಗೆ ಔಷಧಿ ಹಾಕಿದ ಹಾಗೆ ಅನ್ನಿಸಿತು ನನಗೆ.

ಶುಕ್ರವಾರ ಅಯೋವ ಎದುರು ಕೊನೆಯ ಆಟ. ಕ್ವಾರ್ಟರ್‌ಬ್ಯಾಕ್ ಏಡ್ರಿಯನ್ ಮಾರ್ಟಿನೆಜ್ ಭುಜದ ಪೆಟ್ಟಿನಿಂದ ಹೊರಗೆ. ದವಡೆ ಮುರಿದುಕೊಂಡೂ ಆಡಿದ್ದ ಹುಡುಗ ಅವನು, ಬೈಯೋಕೂ ಮನಸ್ಸು ಬರಲ್ಲ. ಅವನಿಲ್ಲದೆಯೂ ಮೂರನೇ ಕ್ವಾರ್ಟರಿನಲ್ಲಿ 21-6 ಮುಂದಿದ್ದೆವು. ನನ್ನ ಪಕ್ಕ ಕೂರುವ ಅಜ್ಜ, ರಿಟೈರ್ ಆದ ರೈತ, ಕೈಯಲ್ಲಿದ್ದ ರಂಜಾ ತಿನ್ನುವುದನ್ನು ನಿಲ್ಲಿಸಿ "ಈಗ ಪಂಟ್ ನೋಡು" ಅಂದ. (ರಂಜಾ ಅಂದರೆ ಎಲೆಕೋಸು, ದನದ ಮಾಂಸ ತುಂಬಿದ ಬನ್. ನಾನು ಚೀಸ್ ಹಾಕಿದ ಆಲೂಗಡ್ಡೆಯಲ್ಲಿ ದಿನ ತಳ್ಳುತ್ತೇನೆ, ಅಮ್ಮನಿಗೆ ಹೇಳಬೇಡ.) ನಾಲ್ಕನೇ ಕ್ವಾರ್ಟರಿನಲ್ಲಿ ಅಯೋವದವರು ನಮ್ಮ ಪಂಟಿಗೆ ಅಡ್ಡಬಿದ್ದು ಚೆಂಡು ಎತ್ತಿಕೊಂಡು ಟಚ್‌ಡೌನ್ ಮಾಡಿದರು. ಆಮೇಲೆ ಒಂದು ಸೇಫ್ಟಿ, ಅಂದರೆ ನಮ್ಮದೇ ಗೋಲ್ ಗೆರೆಯ ಹಿಂದೆ ಎಡವಿ ಅವರಿಗೆ ಎರಡು ಪಾಯಿಂಟ್. ಕೊನೆಗೆ 28-21.

ಅಜ್ಜ ಕೂಗಾಡಲಿಲ್ಲ. ಎದ್ದು ನಿಂತು, ಹೊರಗೆ ಹೋಗುತ್ತಿದ್ದ ಅಯೋವ ಹುಡುಗರಿಗೆ ಚಪ್ಪಾಳೆ ತಟ್ಟಿದ. ಎದುರಾಳಿಗೂ ತಟ್ಟುವುದು ಇಲ್ಲಿಯ ರೂಢಿ. ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ವರ್ಷ ಇದೇ ಸೀಟು ತಗೋತೀಯಾ ಅಂತ ಕೇಳಿದ. ಹೂಂ ಅಂದೆ. ಯಾಕೆ ಅಂದೆನೋ!

ಜನವರಿಯಲ್ಲಿ ಊರಿಗೆ ಬರುತ್ತಿದ್ದೇನೆ. ನಿನಗೊಂದು ಕೆಂಪು ಟೋಪಿ ತರುತ್ತೇನೆ, ಹಾಕಿಕೊಂಡು ಧೈರ್ಯವಾಗಿ ಓಡಾಡು. ದಾವಣಗೆರೆಯಲ್ಲಿ ಯಾರೂ ಸ್ಕೋರ್ ಕೇಳಲ್ಲ.

ನಿನ್ನ ಗೆಳೆಯ