ಅಪ್ಪನ ಮನೆಯ ರಾತ್ರಿಗಳನ್ನೂ ಎಣಿಸಿ

ಸಂಪಾದಕರಿಗೆ ನಮಸ್ಕಾರ.

ನಾನು, ನನ್ನ ಹೆಂಡತಿ ಬೇರೆಯಾಗಿ ಎರಡು ವರ್ಷವಾಯಿತು. ಮಗಳು ವಾರಕ್ಕೆ ಮೂರು ರಾತ್ರಿ ನನ್ನ ಹತ್ತಿರ, ನಾಲ್ಕು ರಾತ್ರಿ ಅಮ್ಮನ ಹತ್ತಿರ. ಜೀವನಾಂಶ ಕೊಡುವುದಕ್ಕೆ ನನ್ನ ತಕರಾರಿಲ್ಲ, ತಿಂಗಳು ತಪ್ಪದೆ ಕಟ್ಟುತ್ತೇನೆ. ಆದರೆ ಮಗು ನನ್ನ ಮನೆಯಲ್ಲೂ ಊಟ ಮಾಡುತ್ತದೆ ಅಲ್ವಾ? ಯೂನಿಫಾರ್ಮ್ ಎರಡೂ ಕಡೆ, ಶೂ ಎರಡೂ ಕಡೆ, ಜ್ವರದ ಸಿರಪ್ ಕೂಡ ಎರಡು ಬಾಟಲಿ. ನನಗೆ ಸಿಕ್ಕ ಆದೇಶದಲ್ಲಿ ಮಾತ್ರ ಒಂದೇ ಮನೆಯ ಲೆಕ್ಕ.

ಬ್ರಿಟನ್ನಿನಲ್ಲಿ ಮಗು ವರ್ಷಕ್ಕೆ 52 ರಾತ್ರಿ ಅಪ್ಪನ ಮನೆಯಲ್ಲಿ ಉಳಿದರೆ ಜೀವನಾಂಶದಲ್ಲಿ ಏಳನೇ ಒಂದು ಭಾಗ ಕಡಿಮೆ ಮಾಡುತ್ತಾರೆ, ರಾತ್ರಿ ಹೆಚ್ಚಿದ ಹಾಗೆ ಕಡಿತವೂ ಜಾಸ್ತಿ. (ಮಕ್ಕಳಿಗಾಗಿ ಸರ್ಕಾರ ಕೊಡುವ ಭತ್ಯೆ, ಚೈಲ್ಡ್ ಬೆನಿಫಿಟ್, ಮಾತ್ರ ಅಲ್ಲೂ ಒಬ್ಬರ ಖಾತೆಗೇ!) ನಮ್ಮಲ್ಲಿ ಇಂಥ ಸೂತ್ರವಿಲ್ಲ, ಎಲ್ಲ ನ್ಯಾಯಾಧೀಶರ ವಿವೇಚನೆ. 2020ರಲ್ಲಿ ಸುಪ್ರೀಂ ಕೋರ್ಟ್ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು ಎಂದಿತು, ಒಳ್ಳೆಯದೇ ಆಯಿತು. ಕಾನೂನು ಆಯೋಗ 2015ರಲ್ಲೇ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಯನ್ನು ಕಾಯ್ದೆಗೆ ಸೇರಿಸಿ ಎಂದಿತ್ತು. ಅದು ಸುಮ್ನೆ ಕಪಾಟು ಸೇರಿತು.

ದುಡ್ಡು ಉಳಿಸೋಕೆ ರಾತ್ರಿ ಲೆಕ್ಕ ಜಾಸ್ತಿ ತೋರಿಸುವ ಅಪ್ಪಂದಿರೂ ಇದ್ದಾರು, ಒಪ್ಪುತ್ತೇನೆ. ಆದರೂ ಮಗು ಯಾರ ಹತ್ತಿರ ಎಷ್ಟು ರಾತ್ರಿ ಇರುತ್ತದೆ ಎಂದು ಕೋರ್ಟು ಮೊದಲು ಕೇಳಲಿ.

– ಒಬ್ಬ ಅಪ್ಪ, ಬೆಂಗಳೂರು