ಅರಸು ರಸ್ತೆಗೆ ಭಾನುವಾರ ಬಿಡುವು ಕೊಡಿ

ಮಾನ್ಯ ಸಂಪಾದಕರೇ,

ಮಗಳ ಮನೆಗೆಂದು ಫ್ರಾನ್ಸಿಗೆ ಹೋದಾಗ ಅಟ್ಲಾಂಟಿಕ್ ಕರಾವಳಿಯ ಹಳೆಯ ಬಂದರು ಲಾ ರೋಶೆಲ್ ನೋಡಿದೆ. ಬಂದರಿನ ಬಾಯಲ್ಲಿ ಎದುರುಬದುರಾಗಿ ಎರಡು ಕಲ್ಲಿನ ಗೋಪುರಗಳಿವೆ. ಹಿಂದೆ ಅವುಗಳ ನಡುವೆ ಸರಪಳಿ ಎಳೆದು ಹಡಗುಗಳನ್ನು ತಡೆಯುತ್ತಿದ್ದರು. ಸ್ವಲ್ಪ ಆಚೆಗಿನ ಇನ್ನೊಂದು ಗೋಪುರ ಒಂದು ಕಾಲಕ್ಕೆ ಜೈಲಾಗಿತ್ತು. ಕೈದಿಗಳು ಗೋಡೆಯಲ್ಲಿ ಕೆತ್ತಿದ ಹಡಗುಗಳಲ್ಲಿ ಪಟ, ಹಗ್ಗಗಳೂ ಕಾಣುತ್ತವೆ. 1628ರಲ್ಲಿ ಈ ಊರು ವರ್ಷಕ್ಕೂ ಜಾಸ್ತಿ ಮುತ್ತಿಗೆಯಲ್ಲಿದ್ದು, ಹಸಿವಿನಿಂದ ಸೋತು ಶರಣಾಯಿತು. ಶ್ರೀರಂಗಪಟ್ಟಣದ ಕೋಟೆ ನೋಡುತ್ತಾ ಬೆಳೆದವಳು ನಾನು, ಕೇಳಿ ಸಂಕಟವಾಯಿತು.

ಆದರೆ ನಾನು ಬರೆಯುತ್ತಿರುವುದು ಅಲ್ಲಿನ ಬೀದಿಗಳ ಬಗ್ಗೆ. ಅಂಗಡಿಗಳ ಮುಂದೆ ಉದ್ದಕ್ಕೂ ಕಮಾನಿನ ಮೊಗಸಾಲೆ. ಮಳೆ ಬಂದರೂ ನೆನೆಯದೆ ನಡೆಯಬಹುದು. 1976ರಲ್ಲೇ ಜನರ ಓಡಾಟಕ್ಕೆ ಹಳದಿ ಸೈಕಲ್‌ ಕೊಟ್ಟ ಊರದು. 1997ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಊರ ನಡುವೆ ಕಾರುಗಳನ್ನೇ ನಿಲ್ಲಿಸಿತು.

ನಮ್ಮ ಮೈಸೂರಲ್ಲಿ ಏನು ಕಮ್ಮಿ? ಸಯ್ಯಾಜಿರಾವ್ ರಸ್ತೆಯಲ್ಲಿ ಕಮಾನಿನ ಕಟ್ಟಡಗಳಿವೆ. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ ಕೂಡ ಬಂತು. ದೇವರಾಜ ಅರಸು ರಸ್ತೆಯಲ್ಲಿ ಮಾತ್ರ ಫುಟ್‌ಪಾತ್‌ ಮೇಲೂ ಬೈಕುಗಳು. ಮಂಡಿನೋವಿನ ನನ್ನಂಥವರು ರಸ್ತೆಗಿಳಿದೇ ನಡೆಯಬೇಕು, ಹಿಂದಿನಿಂದ ಹಾರ್ನ್ ಬೇರೆ. ದಸರಾಕ್ಕೆ ರಸ್ತೆಗಳಲ್ಲಿ ವಾಹನ ತಡೆಯಲು ಆಗುತ್ತದೆ ಅಲ್ವಾ? ಹಾಗಾದರೆ ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಅರಸು ರಸ್ತೆಯನ್ನು ನಡೆಯುವವರಿಗೆ, ಸೈಕಲ್‌ನವರಿಗೆ ಬಿಡಲಿ. ಅಂಗಡಿಯವರನ್ನೂ ಕೂರಿಸಿಕೊಂಡು ಮಾತಾಡಿ, ಮೊದಲು ಒಂದು ತಿಂಗಳು ಮಾಡಿ ನೋಡಲಿ.

– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು