ನಿಂತ ಕಾರನ್ನು ದಾಟಿ ನುಗ್ಗಿದವನದು ತಪ್ಪು, ಅಜ್ಜನದಲ್ಲ

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಜೀಬ್ರಾ ಪಟ್ಟಿಯ ಮೇಲೆ ಬೈಕ್ ಬಡಿದು ವೃದ್ಧರೊಬ್ಬರು ಗಾಯಗೊಂಡ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅವರು ಏಕಾಏಕಿ ಅಡ್ಡ ಬಂದದ್ದೇ ಕಾರಣ ಎಂದು ಬರೆದಿದ್ದೀರಿ. ಖಂಡಿತ ಹಾಗಲ್ಲ. ಆ ಅಜ್ಜನ ಹಿಂದೆಯೇ, ನನ್ನ ತಾಯಿಯ ಕೈ ಹಿಡಿದುಕೊಂಡು ನಾನು ನಡೆಯುತ್ತಿದ್ದೆ. ಕಣ್ಣಾರೆ ಕಂಡಿದ್ದೇನೆ. ನಿಮ್ಮ ವರದಿಗಾರರಿಗೆ ಯಾರು ಹಾಗೆ ಹೇಳಿದರೋ ಗೊತ್ತಿಲ್ಲ, ಆದರೆ ಅಲ್ಲಿ ನಿಂತಿದ್ದ ಯಾರನ್ನೂ ಕೇಳಿಲ್ಲ ಎಂಬುದು ಓದಿದರೇ ತಿಳಿಯುತ್ತದೆ.

ಗಾಂಧಿ ವೃತ್ತದ ಕಡೆಯಿಂದ ಬರುವ ಗಾಡಿಗಳು ಆ ಹೊತ್ತಿನಲ್ಲಿ ಹೇಗಿರುತ್ತವೆ ಎಂದು ಊರಿನವರಿಗೆಲ್ಲ ಗೊತ್ತು. ನಾವು ಐದಾರು ಜನ ಅಂಚಿನಲ್ಲಿ ಬಹಳ ಹೊತ್ತು ಕಾದೆವು. ಕೈ ಮಾಡಿದೆವು, ಯಾರೂ ನಿಲ್ಲಿಸಲಿಲ್ಲ. ದೂರದಿಂದಲೇ ಲೈಟ್ ಹೊಡೆದು, ಹಾರ್ನ್ ಒತ್ತಿ, ಇನ್ನೂ ಜೋರಾಗಿ ಬಂದರು. ಕೊನೆಗೊಬ್ಬರು ಕಾರಿನವರು ಪಟ್ಟಿಗೆ ಮೊದಲೇ ನಿಲ್ಲಿಸಿ, ಒಳಗಿನಿಂದಲೇ "ದಾಟಿ" ಎಂದು ಕೈಸನ್ನೆ ಮಾಡಿದರು. ಅವರನ್ನು ನಂಬಿ ಅಜ್ಜ ಹೆಜ್ಜೆ ಇಟ್ಟರು, ನಾವೂ ಹಿಂದೆ ಹೊರಟೆವು. ಕಾರಿನ ಹಿಂದಿದ್ದವರು ಒಂದೇ ಸಮನೆ ಹಾರ್ನ್ ಬಾರಿಸತೊಡಗಿದರು. ಅಜ್ಜ ಕಾರಿನ ಮೂತಿ ದಾಟಿ ಡಿವೈಡರ್ ಕಡೆಗೆ ಹೆಜ್ಜೆ ಹಾಕುತ್ತಿದ್ದಂತೆ, ಕಾರಿಗೂ ಡಿವೈಡರಿಗೂ ನಡುವಿನ ಸಂದಿಯಿಂದ ಆ ಬೈಕ್ ನುಗ್ಗಿತು. ಹ್ಯಾಂಡಲ್ ತಗುಲಿ ಅಜ್ಜ ಮಗ್ಗುಲಾಗಿ ಬಿದ್ದರು. ಕೈಯಲ್ಲಿದ್ದ ಬಟ್ಟೆಯ ಚೀಲ ಹರಿದು ಮಂಡಕ್ಕಿಯೆಲ್ಲ ಬಿಳಿ ಪಟ್ಟಿಯ ಮೇಲೆ ಚೆಲ್ಲಿತು. ಮಾತ್ರೆಯ ಚೀಟಿ, ಕನ್ನಡಕ ಒಂದೊಂದು ಕಡೆಗೆ ಹೋದವು. ನಾವು ಅವರನ್ನು ಎಬ್ಬಿಸುತ್ತಿರುವಾಗಲೇ ಹಿಂದಿನ ಬೈಕುಗಳು ಆ ಮಂಡಕ್ಕಿ ತುಳಿದುಕೊಂಡು ಮುಂದೆ ಹೋದವು. ಕನ್ನಡಕ ಎತ್ತಿಕೊಳ್ಳುವಷ್ಟು ಹೊತ್ತೂ ಯಾರೂ ತಡೆಯಲಿಲ್ಲ.

ಗುದ್ದಿದವನು ಏನೆಂದ ಗೊತ್ತೇ? "ಏನ್ ಅಜ್ಜಾ, ಸಾಯಾಕೆ ನನ್ ಗಾಡೀನೇ ಬೇಕಾಗಿತ್ತಾ?" ಕಾರು ನಿಲ್ಲಿಸಿದ ಆ ಮನುಷ್ಯ ಕೆಳಗಿಳಿದು ಕೇಳಲು ಬಂದರೆ, ಹಿಂದಿನವರೆಲ್ಲ ಅವರ ಮೇಲೆಯೇ ಹರಿಹಾಯ್ದರು. ನಡುರಸ್ತೆಯಲ್ಲಿ ಯಾಕೆ ನಿಲ್ಲಿಸಿದಿರಿ, ನಿಮ್ಮಿಂದಲೇ ಇದೆಲ್ಲ ಆಗಿದ್ದು ಎಂದರು. ನಿಲ್ಲಿಸಿದವರು ತಪ್ಪಿತಸ್ಥರು, ನುಗ್ಗಿದವನು ಹೊರಟೇ ಹೋದ. ಇನ್ನೊಮ್ಮೆ ಆ ಕಾರಿನವರು ಯಾರಿಗಾದರೂ ದಾರಿ ಬಿಡುತ್ತಾರೆಯೇ? ನನಗೆ ಅತ್ಯಂತ ಸಂಕಟವಾಗಿರುವುದು ಇದರ ಬಗ್ಗೆಯೇ. ಹತ್ತು ಜನರಲ್ಲಿ ಒಬ್ಬರು ಸೌಜನ್ಯ ತೋರಿಸಿದರೆ ಉಳಿದ ಒಂಬತ್ತು ಜನ ಸೇರಿ ಅದನ್ನೇ ನಮ್ಮ ಪಾಲಿನ ಅಪಾಯ ಮಾಡುತ್ತಾರೆ. ಯಾರೂ ನಿಲ್ಲಿಸದಿದ್ದರೆ ನಾವು ಇಡೀ ರಸ್ತೆ ನೋಡಿಕೊಂಡು ಓಡಿಯಾದರೂ ದಾಟುತ್ತಿದ್ದೆವು. ಒಬ್ಬರು ನಿಲ್ಲಿಸಿದರೆ ಅವರ ಗಾಡಿಯ ಮರೆಯಿಂದ ಬರುವವನು ನಮಗೆ ಕಾಣುವುದಿಲ್ಲ, ಅವನಿಗೆ ನಾವು ಕಾಣುವುದಿಲ್ಲ. ಮುಂದಿನ ಗಾಡಿ ಜೀಬ್ರಾ ಪಟ್ಟಿಯ ಹತ್ತಿರ ನಿಂತಿದೆ ಎಂದರೆ ಯಾರೋ ದಾಟುತ್ತಿದ್ದಾರೆ ಎಂಬಷ್ಟು ತಿಳಿವಳಿಕೆ ಬೇಡವೇ? ಇವರಿಗೆಲ್ಲ ಲೈಸೆನ್ಸ್ ಕೊಟ್ಟವರು ಯಾರು?

ಇದು ದಾಕ್ಷಿಣ್ಯದ ಮಾತೂ ಅಲ್ಲ, ಕಾನೂನು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಸ್ಪಷ್ಟವಾಗಿದೆ: ಸಿಗ್ನಲ್ ಇಲ್ಲದ ಪಾದಚಾರಿ ದಾಟುದಾರಿಯ ಹತ್ತಿರ ಬರುವಾಗ ಚಾಲಕ ವೇಗ ತಗ್ಗಿಸಬೇಕು, ನಿಲ್ಲಿಸಬೇಕು, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ದಾರಿ ಬಿಡಬೇಕು. ಮುಂದೆ ಜಾಗವಿಲ್ಲದಿದ್ದರೆ ಪಟ್ಟಿಯ ಮೇಲೆ ಗಾಡಿ ತಂದು ನಿಲ್ಲಿಸಲೂ ಬಾರದು. ನಮ್ಮೂರಿನ ಸಿಗ್ನಲ್‌ಗಳಲ್ಲಿ ಕೆಂಪು ದೀಪ ಬಿದ್ದಾಗ ಒಮ್ಮೆ ಹೋಗಿ ನೋಡಿ, ಪಟ್ಟಿ ಕಂಡರೆ ಹೇಳಿ. ಆಟೋಗಳ ಮುಂದಿನ ಗಾಲಿ ಪಟ್ಟಿಯ ಆಚೆ, ಬೈಕುಗಳಂತೂ ಅರ್ಧ ವೃತ್ತದೊಳಗೆ. ಬಸ್ಸು ಪಟ್ಟಿಯ ಮೇಲೇ ನಿಂತಿರುತ್ತದೆ. ನಾವು ಗಾಡಿಗಳ ಸಂದಿಯಲ್ಲಿ ಸೀರೆ ಒತ್ತಿಹಿಡಿದು, ಬಿಸಿ ಸೈಲೆನ್ಸರಿಗೆ ಕಾಲು ತಾಗದಂತೆ ನುಸುಳಬೇಕು. ಅಷ್ಟರಲ್ಲಿ ಹಸಿರು ಬಿತ್ತೆಂದರೆ ಮುಗಿಯಿತು, ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ.

ಪಿ.ಬಿ. ರಸ್ತೆ ಒಂದು ಕಾಲಕ್ಕೆ ಪುಣೆ-ಬೆಂಗಳೂರು ಹೆದ್ದಾರಿಯೇ ಆಗಿತ್ತು, ಒಪ್ಪೋಣ. ಬೈಪಾಸ್ ಆಗಿ ಎಷ್ಟೋ ಕಾಲವಾಯಿತು. ಈಗ ಅದು ಬಸ್ ಸ್ಟ್ಯಾಂಡಿಗೆ, ಅಂಗಡಿಗೆ, ಕಾಲೇಜಿಗೆ ಹೋಗುವವರು ದಿನವೂ ದಾಟಬೇಕಾದ ಊರೊಳಗಿನ ರಸ್ತೆ. ಓಡಿಸುವವರಿಗೆ ಮಾತ್ರ ಇನ್ನೂ ಹೆದ್ದಾರಿ.

ನನ್ನ ತಾಯಿಗೆ ಮೊಣಕಾಲು ನೋವು. ಬೇಗ ಬೇಗ ಹೆಜ್ಜೆ ಹಾಕಲು ಆಗುವುದಿಲ್ಲ. ಆ ದಿನದಿಂದ ಮನೆಯಿಂದ ಹೊರಗೆ ಬರಲು ಒಪ್ಪುತ್ತಿಲ್ಲ, ದೇವಸ್ಥಾನಕ್ಕೂ ಬೇಡ ಎನ್ನುತ್ತಾರೆ. ರಸ್ತೆಯ ಈಚೆಯಿಂದ ಆಚೆಗೆ ಹೋಗಲು ಆಟೋ ಮಾಡಿಕೊಂಡು, ಡಿವೈಡರ್ ಸುತ್ತಿ ಬಂದು, ಅವರು ಕೇಳಿದಷ್ಟು ಕೊಡಬೇಕಾಗಿದೆ. ಎದುರಿಗೇ ಕಾಣುವ ಔಷಧಿ ಅಂಗಡಿಗೆ ಆಟೋ! ಮಳೆಗಾಲದಲ್ಲಿ ಇನ್ನೊಂದು ಗೋಳು. ಗುಂಡಿಯ ನೀರು ಕಂಡರೂ ಗಾಡಿ ನಿಧಾನಿಸುವುದಿಲ್ಲ, ಕೆಲಸಕ್ಕೆ ಹೊರಟ ಸೀರೆಯ ಮೇಲೆ ಕೆಸರು ಹಾರಿಸಿ ಹೋಗುತ್ತಾರೆ. ತಿರುಗಿ ನೋಡಿ ಕ್ಷಮಿಸಿ ಎನ್ನುವುದಿರಲಿ, ತಮ್ಮಿಂದ ಹಾಗಾಯಿತು ಎಂದೂ ಅವರಿಗೆ ಗೊತ್ತಿರುವುದಿಲ್ಲ. ಸಂಜೆ ಆದರೆ ಕಣ್ಣು ಕುಕ್ಕುವ ಬಿಳಿ ಹೆಡ್‌ಲೈಟ್. ಹೆಗಲಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಕತ್ತು ಓರೆ ಮಾಡಿ ಬರುವವರಿಗೆ ಎಡಗಡೆ ಯಾರಿದ್ದಾರೆ ಎಂದು ಹೇಗೆ ತಾನೇ ಕಂಡೀತು? ಮೀಸೆ ಮೂಡದ ಹುಡುಗರು ಸ್ಕೂಟರಿನಲ್ಲಿ ಮೂವರು ಕೂತು ಹೋಗುವುದನ್ನು ಅಪ್ಪ ಅಮ್ಮಂದಿರೇ ಮೊಬೈಲಿನಲ್ಲಿ ಸ್ಟೇಟಸ್ ಹಾಕಿಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದಿದೆ. ನಮ್ಮ ಬೀದಿಯಲ್ಲಿ ಒಬ್ಬರಿಗಾದರೂ ಆಗಿದ್ದನ್ನು ನಾನು ಕಂಡಿಲ್ಲ.

ಪಾದಚಾರಿಗಳೆಲ್ಲ ಸಾಚಾ ಎಂದು ನಾನೂ ಹೇಳುವುದಿಲ್ಲ. ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಸಾಲಾಗಿ ರಸ್ತೆ ತುಂಬ ನಡೆಯುವ ಕಾಲೇಜು ಹುಡುಗ ಹುಡುಗಿಯರಿದ್ದಾರೆ, ಡಿವೈಡರ್ ಹಾರುವವರಿದ್ದಾರೆ. ಅವರಿಗೂ ಬೈಯಲಿ. ಆದರೆ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲಿ ಯಾಕೆ ನಡೆಯುತ್ತೀರಿ ಎಂದು ಕೇಳುವವರು ಮೊದಲು ಫುಟ್‌ಪಾತ್ ತೋರಿಸಲಿ. ಮಂಡಿಪೇಟೆ, ಅಶೋಕ ರಸ್ತೆ ಕಡೆ ನಡೆದು ನೋಡಿ: ಅಂಗಡಿಯ ಬೋರ್ಡು, ಬೈಕುಗಳ ಸಾಲು, ಟ್ರಾನ್ಸ್‌ಫಾರ್ಮರ್, ಕಲ್ಲು ಸರಿದ ಚರಂಡಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ ಕಾಂಗ್ರೆಸ್ ಎಂಬ ಸಂಸ್ಥೆಯ ಪ್ರಕಾರ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕಂತೆ. ಇಲ್ಲಿ ಒಬ್ಬರು ಛತ್ರಿ ಬಿಚ್ಚಿದರೆ ಎದುರಿನವರು ರಸ್ತೆಗೆ ಇಳಿಯಬೇಕು. ಒತ್ತುವರಿಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟೇ 2025ರ ಮೇ ತಿಂಗಳಲ್ಲಿ ಹೇಳಿದೆ. 2022 ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರೆಂಬುದು ಕೇಂದ್ರ ಸಾರಿಗೆ ಸಚಿವಾಲಯ ತಾನೇ ಕೊಟ್ಟ ಲೆಕ್ಕ. ಇಷ್ಟು ಜನರೂ ಏಕಾಏಕಿ ಅಡ್ಡ ಬಂದವರೇ ಇರಬೇಕು, ನಿಮ್ಮ ವರದಿಯಂತೆ ನೋಡಿದರೆ.

ಅಧಿಕಾರಿಗಳ ವಿಷಯಕ್ಕೆ ಬಂದರೆ ಮೈ ಉರಿಯುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ದಾವಣಗೆರೆ ಹೆಸರು ಬಂದಾಗ ನಾವೆಲ್ಲ ಎಷ್ಟು ಸಂಭ್ರಮಪಟ್ಟಿದ್ದೆವು! ಟೈಲ್ಸ್ ಹಾಕಿದರು, ಪೈಪಿಗೆಂದು ಅಗೆದರು, ಕೇಬಲ್ಲಿಗೆಂದು ಮತ್ತೆ ಅಗೆದರು. ಎಬ್ಬಿಸಿದ ಟೈಲ್ಸ್ ಮರಳಿ ಕೂರಿಸಿದಾಗ ಅರ್ಧ ಒಡೆದಿರುತ್ತವೆ. ಮಂತ್ರಿಗಳು ಬರುತ್ತಾರೆಂದರೆ ರಾತ್ರೋರಾತ್ರಿ ಬಿಳಿ ಬಣ್ಣ ಬಳಿಯುತ್ತಾರೆ, ಅವರು ಹೋದ ಮೇಲೆ ಅದು ಅಳಿಸಿದರೂ ಕೇಳುವವರಿಲ್ಲ. ಜೀಬ್ರಾ ಪಟ್ಟಿ ಸರಿಯಾಗಿ ಬಳಿಯಿರಿ, ಮುಂಚೆಯೇ ಎಚ್ಚರಿಕೆ ಫಲಕ ಹಾಕಿರಿ ಎಂದು ನಮ್ಮ ಬೀದಿಯವರೆಲ್ಲ ಸಹಿ ಮಾಡಿ ಮನವಿ ಕೊಟ್ಟೆವು. ಸೀಲು ಒತ್ತಿ ತೆಗೆದುಕೊಂಡರು. ಮುಂದೆ ಕೇಳಲು ಹೋದರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಆ ಕಚೇರಿಗೆ ಹೋಗಿ ಎಂದರು. ಆ ಕಚೇರಿಯವರು ಮತ್ತೆ ಇಲ್ಲಿಗೇ ಕಳಿಸಿದರು. ಖಾತೆ ಬದಲಾವಣೆಗೂ ನನಗೆ ಇದೇ ಆಗಿತ್ತು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸರ್ವರ್ ಡೌನ್ ಆಗಿದೆ, ಆ ಕಡತ ನೋಡುವವರು ರಜೆಯಲ್ಲಿದ್ದಾರೆ, ಇದನ್ನೇ ಕೇಳಿ ಕೇಳಿ ಸಾಕಾಗಿದೆ. ನಮ್ಮ ಬೀದಿಯ ದೀಪ ಹಗಲೆಲ್ಲ ಉರಿದು ರಾತ್ರಿ ಆರುತ್ತದೆ, ಅದನ್ನು ಹೇಳಿಯೂ ವರ್ಷಗಳಾದವು. ಇವರಲ್ಲಿ ಯಾರೂ ಈ ಊರಿನಲ್ಲಿ ನಡೆಯುವುದಿಲ್ಲ. ಕಚೇರಿಯ ಮೆಟ್ಟಿಲಿನಿಂದ ಮನೆಯ ಗೇಟಿನವರೆಗೆ ಕಾರು. ಗಾಜು ಏರಿಸಿಕೊಂಡು ಹೋಗುವವರಿಗೆ ನಮ್ಮ ಕೂಗು ಎಲ್ಲಿ ಕೇಳಬೇಕು?

ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬ ನಿಯಮವೂ ಇದೆ. ಚಿಗಟೇರಿ ಆಸ್ಪತ್ರೆಯ ರಸ್ತೆಯಲ್ಲಿ ಹಾರ್ನಿನ ಸದ್ದು ಕೇಳಿದವರಿಗೆ ಆ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.

ಆ ಜಾಗದಲ್ಲಿ ಗುಂಡಿ ಒತ್ತಿದರೆ ಕೆಂಪು ಬೀಳುವ ಪಾದಚಾರಿ ಸಿಗ್ನಲ್ ಕೂಡಲೇ ಹಾಕಲಿ. ಅದು ಆಗದಿದ್ದರೆ ಶಾಲೆ, ಕಾಲೇಜು ಬಿಡುವ ಹೊತ್ತಿಗಾದರೂ ಒಬ್ಬರನ್ನು ನಿಲ್ಲಿಸಲಿ. ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ಮರದ ನೆರಳಿನಲ್ಲಿ ನಾಲ್ಕು ಜನ ಪೊಲೀಸರು ನಿಲ್ಲುತ್ತಾರಲ್ಲ, ಅವರಲ್ಲೊಬ್ಬರು ಪಟ್ಟಿಯ ಹತ್ತಿರ ಬರಲಿ. ನಿಂತ ಗಾಡಿಯನ್ನು ದಾಟಿ ನುಗ್ಗುವವರ ಲೈಸೆನ್ಸ್ ಕಿತ್ತುಕೊಳ್ಳಲಿ. ಕ್ಯಾಮೆರಾ ಇದೆ ಇದೆ ಎನ್ನುತ್ತಾರೆ, ಆ ಬೈಕಿನ ನಂಬರು ಅದರಲ್ಲಿ ಸಿಕ್ಕಿತೇ ಎಂದು ನೀವಾದರೂ ಕೇಳಿ ಬರೆಯಿರಿ. ಫುಟ್‌ಪಾತನ್ನೂ ತೆರವು ಮಾಡಿಸಲಿ, ಯಾರನ್ನು ಬೇಕಾದರೂ ಕಳಿಸಲಿ, ಏನಾದರೂ ಮಾಡಲಿ. ಸಂಬಳ ತೆಗೆದುಕೊಳ್ಳುವವರು ಒಂದು ಸಲವಾದರೂ ತಮ್ಮ ತಾಯಿಯ ಕೈ ಹಿಡಿದು ಸಂಜೆ ಆರಕ್ಕೆ ಆ ರಸ್ತೆ ದಾಟಲಿ, ಆಮೇಲೆ ಅಜ್ಜನದು ತಪ್ಪು ಎನ್ನಲಿ. ನಾಚಿಕೆಯಾಗಬೇಕು ಇವರಿಗೆ.

ನಿಮ್ಮ ಪತ್ರಿಕೆಯೂ ಆ ವರದಿಯನ್ನು ತಿದ್ದಿ ಪ್ರಕಟಿಸಬೇಕು.

– ನೊಂದ ಓದುಗಿ
ಕೆ.ಟಿ.ಜೆ. ನಗರ, ದಾವಣಗೆರೆ